ವೀಣ ಬಿಟ್ಟ ಬದು

ಎತ್ತರ ಐದಡಿಗೆ ಎರಡಿಂಚು ಕಡಿಮೆ. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ, ಬಲಗಾಲಿನ ಬಾರಿಗೆ ಪಿನ್ನು. ಹೆಗಲಿಗೆ ರಸಗೊಬ್ಬರದ ಚೀಲ ಕತ್ತರಿಸಿ ಹೊಲಿದ ಬ್ಯಾಗು. ತಲೆಗೆ ಎಣ್ಣೆ ಜಾಸ್ತಿ, ಮಾತಿಗೆ ಕಡಿಮೆ. ಮೆಟ್ಟಿಲು ಹತ್ತುವಾಗ ಷೋಕೇಸಿನಲ್ಲಿದ್ದ ಆಲ್ಬಮ್ಮುಗಳ ಕಡೆ ಕಣ್ಣೂ ಹಾಯಿಸಲಿಲ್ಲ, ಅಂದರೆ ಕೊಳ್ಳುವ ಗಿರಾಕಿಯಲ್ಲ. ಹೆಚ್ಚೆಂದರೆ ಒಂದು ಪಾಸ್‌ಪೋರ್ಟ್ ಫೋಟೊ, ಅದರಲ್ಲೂ ಎಂಟು ಬೇಡ ನಾಲ್ಕು ಸಾಕು ಅನ್ನುವ ಪೈಕಿ. ಎರಡು ಸಾವಿರದ ಒಂದನೇ ಇಸವಿಯಲ್ಲಿ ವೀಣ ಮಳವಳ್ಳಿಯ ನನ್ನ ಸ್ಟುಡಿಯೊಗೆ ಮೊದಲ ಸಲ ಬಂದಾಗ ಗಲ್ಲಾದ ಹಿಂದೆ ಕೂತು ನಾನು ಹಾಕಿದ ಅಂದಾಜು ಇಷ್ಟು.

"ನಿಮ್ಮ ವಿಸಿಆರ್ ಕೆಟ್ಟೈತಂತಲ್ಲ. ಮದ್ದೂರು ಕೇಬಲ್ ಆಫೀಸ್ನೋರು ಕಳಿಸಿದ್ರು" ಅಂದಳು.

"ರಿಪೇರಿ ಮಾಡೋರು ಎಲ್ಲಿ?" ಅಂತ ನಾನು ಅವಳ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದೆ.

"ಹಿಂದಕ್ಕೆ ಯಾಕಣ್ಣ ನೋಡ್ತೀರಾ? ಮುಂದೆ ನಾನೇ ನಿಂತಿವ್ನಲ್ಲ."

ಅರ್ಧ ಗಂಟೆಯಲ್ಲಿ ವಿಸಿಆರ್ ತಿರುಗಿತು. ಚೀಲದಿಂದ ಸ್ಪಿರಿಟ್ ಬಾಟಲಿ, ಹತ್ತಿ, ಸಣ್ಣ ಸ್ಕ್ರೂಡ್ರೈವರುಗಳು ಒಂದಾದ ಮೇಲೊಂದು ಬಂದು, ಒಂದಾದ ಮೇಲೊಂದು ಒಳಗೆ ಹೋದವು. ನಲವತ್ತು ವರ್ಷ ವ್ಯಾಪಾರದಲ್ಲಿ ನನ್ನ ಅಂದಾಜು ತಪ್ಪಿದ್ದು ಕಡಿಮೆ. ಇವಳ ವಿಷಯದಲ್ಲಿ ಮಾತ್ರ ಮೊದಲ ದಿನದಿಂದಲೇ ತಪ್ಪುತ್ತ ಬಂತು.

ನನ್ನ ಹೆಸರು ಶಿವರಾಮು. ಮಗಳ ಹೆಸರಲ್ಲಿ ನಯನ ಸ್ಟುಡಿಯೊ ಅಂತ ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಟ್ಟಿದ್ದೇನೆ. ಫೋಟೊ, ವಿಡಿಯೊ, ದೇವರ ಪಟಕ್ಕೆ ಕಟ್ಟು, ಈಗೀಗ ಫ್ಲೆಕ್ಸು. ತಾಲೂಕಿನಲ್ಲಿ ಮದುವೆಗೆ ವಿಡಿಯೊ ತೆಗೆಸುವ ಹುಚ್ಚು ಹತ್ತಿದ ಕಾಲದಲ್ಲಿ ಮೊದಲ ಕ್ಯಾಮೆರಾ ತಂದವನು ನಾನು. ನನ್ನ ಹೆಗಲಿಗೆ ಮಡದಿಯ ಕೈಗಿಂತ ಆ ಕ್ಯಾಮೆರಾದ ಭಾರವೇ ಹೆಚ್ಚು ಪರಿಚಯ. ತೆಗೆದ ಪ್ರತಿ ಮದುವೆಯ ಮೂಲ ಕ್ಯಾಸೆಟ್ಟನ್ನೂ ನಂಬರು ಹಾಕಿ ಅಟ್ಟದ ಮೇಲೆ ಇಡುತ್ತಿದ್ದೆ. ಪ್ರೀತಿಯಿಂದಲ್ಲ. ಮದುವೆ ಮನೆಯವರು ಕಾಪಿ ಕಳಕೊಂಡು ಮತ್ತೆ ಬರುತ್ತಾರೆ ಅನ್ನುವ ಲೆಕ್ಕದಿಂದ. ಬರುತ್ತಲೂ ಇದ್ದರು.

ವೀಣ ಪೂರಿಗಾಲಿಯವಳು. ಅವಳ ಅಪ್ಪ ಹೊನ್ನಯ್ಯ ಅಲ್ಲಿ ನೀರುಗಂಟಿ. ಕಾಲುವೆ ನೀರನ್ನು ಸರದಿ ಪ್ರಕಾರ ಗದ್ದೆಗದ್ದೆಗೂ ಬಿಡುವುದು, ಯಾರದು ಆಯಿತು ಯಾರದು ಬಾಕಿ ಅಂತ ತಲೆಯಲ್ಲೇ ಇಟ್ಟುಕೊಳ್ಳುವುದು, ಬೈಗಳು ತಿನ್ನುವುದು, ಇವು ಮೂರೂ ಅವನ ಕೆಲಸ. ಊಟದ ಡಬ್ಬಿ ಹಿಡಿದು ಅಪ್ಪನ ಹಿಂದೆ ಏರಿಯ ಮೇಲೆ ತಿರುಗಿದವಳು ಇವಳು. ನೀರು ಬಿಟ್ಟ ದಿನ ಹೊನ್ನಯ್ಯ ತೂಬಿನ ಹತ್ತಿರ ನಿಲ್ಲುತ್ತಲೇ ಇರಲಿಲ್ಲವಂತೆ. ನೇರ ಕೊನೆ ಗದ್ದೆಗೆ ಹೋಗಿ ಕೂರುತ್ತಿದ್ದನಂತೆ. ಕೊನೆಗೆ ಬಂದಿದ್ದರೆ ಮಧ್ಯದವರಿಗೆಲ್ಲ ಬಂದಿದೆ ಎಂದೇ ಅರ್ಥ, ಕೇಳುವ ಕೆಲಸವಿಲ್ಲ. ಕಾಲುವೆ ತುಂಬ ನೀರು ಬಿಡು ಅಂತ ಯಾರಾದರೂ ಜೋರು ಮಾಡಿದರೆ, ನಾಲ್ಕು ಬೆರಳು ಖಾಲಿ ಬಿಟ್ಟೇ ಬಿಡುತ್ತಿದ್ದನಂತೆ. "ಎಲ್ಲೋ ಒಂದು ಕಡೆ ಬದ ಕುಸಿದ್ರೆ ಆ ನೀರು ನಿನ್ ತಲೆ ಮ್ಯಾಲೆ ಓಯ್ತದೇನ್ಲಾ?" ಅನ್ನುತ್ತಿದ್ದನಂತೆ. ಇದೆಲ್ಲ ವೀಣ ಹೇಳಿದ್ದು, ಅದೂ ಕೆಲಸ ಮಾಡುವಾಗ ಬೇರೆ ಯಾವುದೋ ಮಾತಿಗೆ ಜೊತೆಯಾಗಿ. ಕೂರಿಸಿ ಕೇಳಿದರೆ ಹೇಳುವ ಹೆಂಗಸಲ್ಲ.

ಪೂರಿಗಾಲಿಯಿಂದ ಮಳವಳ್ಳಿ, ಮಳವಳ್ಳಿಯಿಂದ ಮಂಡ್ಯ. ಹೀಗೆ ಮೂರು ವರ್ಷ ಬಸ್ಸು ಬದಲಿಸಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದಳು. ಮದ್ದೂರಿನ ಮೇಷ್ಟರೊಬ್ಬರನ್ನು ಮದುವೆಯಾದಳು. ಮೊದಲು ಕೇಬಲ್ ಆಫೀಸು, ಆಮೇಲೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಕಂಪ್ಯೂಟರು ನೋಡಿಕೊಳ್ಳುವ ಕೆಲಸ. ಅಲ್ಲಿ ಒಂದು ಡಿಸ್ಕು ಕೆಟ್ಟರೆ ಗೇಟಿನಾಚೆ ಮುನ್ನೂರು ಗಾಡಿ ನಿಂತು, ಮುನ್ನೂರು ಬಾಯಿ ಒಟ್ಟಿಗೆ ತೆರೆಯುತ್ತಿದ್ದವು. ಡಿಸ್ಕು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಕಟ್ಟುವುದನ್ನು ಅವಳು ಕಲಿತದ್ದು ಆ ಬಾಯಿಗಳ ಎದುರಿಗೆ.

ಎರಡು ಸಾವಿರದ ಹದಿನಾಲ್ಕರಲ್ಲಿ ನನ್ನ ಅಟ್ಟಕ್ಕೆ ಬೂಷ್ಟು ಹಿಡಿಯಿತು. ಕ್ಯಾಸೆಟ್ಟಿನ ಕಿಟಕಿಯೊಳಗೆ ಬೂದಿ ಉದುರಿಸಿದ ಹಾಗೆ ಬಿಳಿ. ಸಾವಿರದ ನಾನೂರು ಮದುವೆ. ವೀಣಳನ್ನು ಕರೆಸಿದೆ. ಅಷ್ಟು ಹೊತ್ತಿಗೆ ಕಾರ್ಖಾನೆ ಬಿಟ್ಟು ಮದ್ದೂರಿನ ಮನೆಯ ಮಹಡಿಯಲ್ಲೇ ಸ್ವಂತ ಕೆಲಸ ಇಟ್ಟುಕೊಂಡಿದ್ದಳು. ಒಂದು ಕ್ಯಾಸೆಟ್ ಮೂಸಿ ನೋಡಿ, "ಇನ್ನೆರಡು ಮಳೆಗಾಲ ಅಷ್ಟೇ ಕಣಣ್ಣ. ಎಲ್ಲಾನೂ ಕಂಪ್ಯೂಟರಿಗೆ ಇಳಿಸ್ಬೇಕು" ಅಂದಳು.

ಇಳಿಸುವುದಕ್ಕೆ ಅಡ್ಡದಾರಿಯಿಲ್ಲ. ಮೂರು ಗಂಟೆ ಮದುವೆಗೆ ಮೂರು ಗಂಟೆಯೇ ಬೇಕು. ಕ್ಯಾಸೆಟ್ ಒರೆಸಿ, ವಿಸಿಆರಿಗೆ ಹಾಕಿ, ಎದುರಿಗೆ ಕೂತು ನೋಡುತ್ತಲೇ ಇರಬೇಕು, ಎಲ್ಲಿ ಟೇಪು ಸಿಕ್ಕಿಕೊಳ್ಳುತ್ತದೋ ಅಂತ. ಎರಡು ವಿಸಿಆರು, ನಂತರ ನಾಲ್ಕು ಮಾಡಿಕೊಂಡಳು. ಹದಿನಾಲ್ಕು ತಿಂಗಳು ಹಿಡಿಯಿತು. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ನಾದಸ್ವರ ಶುರುವಾದರೆ ಸಂಜೆ ಆರಕ್ಕೆ ನಿಲ್ಲುತ್ತಿತ್ತು. ಒಂದೇ ಹೊತ್ತಿಗೆ ನಾಲ್ಕು ಕಡೆ ಧಾರೆ.

ಆ ಹದಿನಾಲ್ಕು ತಿಂಗಳನ್ನು ನೆನೆದರೆ ಇವತ್ತಿಗೂ ಮೂಗಿಗೆ ಸ್ಪಿರಿಟ್ಟಿನ ವಾಸನೆ ಬರುತ್ತದೆ. ವ್ಯಾಪಾರ ಇಲ್ಲದ ಹೊತ್ತಲ್ಲಿ ನಾನೂ ಹೋಗಿ ಸ್ಟೂಲು ಎಳೆದು ಕೂರುತ್ತಿದ್ದೆ. ಚಪ್ಪರಕ್ಕೆ ಕಟ್ಟಿದ ಹಸಿರು ತೆಂಗಿನ ಗರಿ, ಬಾಡಿಗೆ ಅಂಬಾಸಿಡರಿಗೆ ಸುತ್ತಿದ ಹೂವು, ಬೆಲ್‌ಬಾಟಮ್ ಮುಗಿದರೂ ಬಿಡದ ಬೀಗರು, ಲೈಟು ಬಿದ್ದ ಕೂಡಲೇ ಕಲ್ಲಾಗುತ್ತಿದ್ದ ಮದುಮಗಳು. ಆಗ ಜನಕ್ಕೆ ಕ್ಯಾಮೆರಾ ಎದುರು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅದಕ್ಕೇ ಅವರು ಅವರಾಗಿಯೇ ಇರುತ್ತಿದ್ದರು. ಈಗ ತೆಗೆಯುವ ಮದುವೆಗಳಲ್ಲಿ ಅಜ್ಜಿಯರೂ ಪೋಸು ಕೊಡುತ್ತಾರೆ.

ಇಷ್ಟು ಮದುವೆ ನೋಡಿದ ಮೇಲೆ ತಾಲೂಕಿನ ಅರ್ಧ ಮುನಿಸು ವೀಣಳಿಗೆ ಬಾಯಿಪಾಠವಾಯಿತು. ಯಾವ ಮದುವೆಯಲ್ಲಿ ಯಾರ ಸೀರೆ ಸಾಲದಾಯಿತು, ಯಾರು ಆರತಿ ತಟ್ಟೆಗೆ ಕಾಸು ಹಾಕಿದ ಹಾಗೆ ಮಾಡಿ ಹಾಕಲಿಲ್ಲ, ಎಲ್ಲ ಗೊತ್ತು. ಒಂದು ಸಲ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸಿಗೆ, "ನಿಮ್ಮ ಬೀಗರೂಟದಲ್ಲಿ ನಲ್ಲಿಮೂಳೆ ಸಿಗ್ಲಿಲ್ಲ ಅಂತ ನಿಮ್ ಮಾವ ಎದ್ದೋದ್ರಲ್ಲ, ಆಮ್ಯಾಕೆ ಸಮಾಧಾನ ಆದ್ರಾ?" ಅಂತ ಕೇಳಿಬಿಟ್ಟಳಂತೆ. ಆಕೆ ಹಲಗೂರು ಬರುವ ತನಕ ತುಟಿ ಬಿಚ್ಚಲಿಲ್ಲವಂತೆ. ಇಳಿಯುವಾಗ ಮಾತ್ರ ತಿರುಗಿ, "ಇನ್ನೂವೆ ಆಗಿಲ್ಲ ಕಣಮ್ಮ" ಅಂದಳಂತೆ.

ಆರುನೂರ ಹನ್ನೊಂದನೇ ಕ್ಯಾಸೆಟ್ಟಿನ ದಿನ ಹಿಂದಿನ ಕೋಣೆಯಲ್ಲಿ ಒಮ್ಮೆಲೇ ಸದ್ದಡಗಿತು. ಹೋಗಿ ನೋಡಿದರೆ ವೀಣ ಚಿತ್ರ ನಿಲ್ಲಿಸಿಕೊಂಡು ಕೂತಿದ್ದಾಳೆ. ಪೂರಿಗಾಲಿಯ ಯಾರದೋ ಮದುವೆ. ಅಡುಗೆ ಒಲೆಗಳ ಹತ್ತಿರ ಪಂಚೆ ಎತ್ತಿ ಕಟ್ಟಿದ ಸಣಕಲ ಮನುಷ್ಯನೊಬ್ಬ ಕೊಳದಪ್ಪಲೆ ತೋರಿಸಿ ಅಡುಗೆಯವನಿಗೆ ಏನೋ ಹೇಳುತ್ತಿದ್ದಾನೆ.

"ನಮ್ಮಪ್ಪ" ಅಂದಳು.

ಹೊನ್ನಯ್ಯ ಸತ್ತು ಆಗಲೇ ಹತ್ತು ವರ್ಷದ ಮೇಲಾಗಿತ್ತು. ಮನೆಯಲ್ಲಿದ್ದದ್ದು ರೇಷನ್ ಕಾರ್ಡಿನ ಒಂದು ಮಸುಕು ಫೋಟೊ. ನಡೆದಾಡುವ, ಮಾತಾಡುವ ಹೊನ್ನಯ್ಯ ಇದ್ದದ್ದು ಆ ಕ್ಯಾಸೆಟ್ಟಿನ ನಲವತ್ತು ಸೆಕೆಂಡಿನಲ್ಲಿ ಮಾತ್ರ. ಮುಂದಿನ ವಾರ ತಾಯಿ ಚಿಕ್ಕಬೋರಮ್ಮನನ್ನು ಬಸ್ಸಿನಲ್ಲಿ ಕರಕೊಂಡು ಬಂದು ತೋರಿಸಿದಳು. ಮುದುಕಿ ಟಿವಿಯ ಹತ್ತಿರಕ್ಕೆ ಮುಖ ಒಯ್ದು ನೋಡಿತು, ಹಿಂದಕ್ಕೆ ಸರಿಯಿತು.

"ಮದ್ವೆಗೆ ಓಗಿ ಉಂಡ್ಕಂಡು ಬಾ ಅಂದ್ರೆ, ಭಟ್ಟನ್ಗೆ ನೀರಾಕೋದ ಯೋಳ್ಕೊಡ್ತಾವ್ನೆ ನೋಡು" ಅಂದಿತು. ಆಮೇಲೆ ಇನ್ನೊಂದು ಸಲ ಹಾಕು ಅಂದಿತು. ಅವತ್ತು ಹನ್ನೊಂದು ಸಲ ಹಾಕಿದೆವು.

"ಒಂದು ಕಾಪಿ ಮಾಡ್ಕೊಂಡು ಹೋಗಮ್ಮ" ಅಂದೆ. ನಾನು ಯಾರಿಗೂ ಹಾಗೆ ಪುಕ್ಕಟೆ ಅಂದವನಲ್ಲ.

ವೀಣ ಒಪ್ಪಲಿಲ್ಲ. "ಮದ್ವೆ ಅವ್ರದು, ಕ್ಯಾಸೆಟ್ ನಿಮ್ದು. ಕೇಳ್ದೆ ಒಯ್ದ್ರೆ ನಾಳೆ ಇನ್ನೊಂದ ಒಯ್ತೀನಿ. ಇಲ್ಲಿ ಐತಲ್ಲ, ಬೇಕಾದಾಗ ಬಂದು ನೋಡ್ತೀವಿ." ಆ ಮದುವೆಯವರು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೊನ್ನಯ್ಯನ ನಲವತ್ತು ಸೆಕೆಂಡು ನನ್ನಲ್ಲೇ ಉಳಿಯಿತು.

ಇಳಿಸಿದ್ದನ್ನೆಲ್ಲ ಇಡಲು ಅವಳು ಒಂದು ಪೆಟ್ಟಿಗೆ ಕಟ್ಟಿದಳು. ರೇಡ್ ಅಂತಾರೆ. ಒಳಗೆ ನಾಲ್ಕು ಟಿಬಿಯ ನಾಲ್ಕು ಡಿಸ್ಕು. ಪ್ರತಿ ಮದುವೆಯನ್ನೂ ಚೂರು ಮಾಡಿ ನಾಲ್ಕಕ್ಕೂ ಹಂಚುತ್ತದೆ, ಜೊತೆಗೆ ಯಾವ ಚೂರು ಹೋದರೂ ಮತ್ತೆ ಕಟ್ಟಿಕೊಳ್ಳುವ ಗುರುತನ್ನೂ ಹಂಚಿ ಇಟ್ಟುಕೊಳ್ಳುತ್ತದೆ. ಒಂದು ಡಿಸ್ಕು ಸತ್ತರೆ ಉಳಿದ ಮೂರು ಸೇರಿ ಸತ್ತದ್ದರಲ್ಲಿ ಏನಿತ್ತೆಂದು ಒಪ್ಪಿಸುತ್ತವೆ. ಎರಡು ಸತ್ತರೆ ಎಲ್ಲ ಮುಗಿಯಿತು.

ಪ್ರತಿ ಡಿಸ್ಕಿನಲ್ಲೂ ಮೊದಲು ಎಲ್ಲಿಂದ ಎಲ್ಲಿಯವರೆಗೆ ಬಳಸಬೇಕೆಂದು ಗಡಿ ಹಾಕಬೇಕು. ಅದಕ್ಕೆ ಪಾರ್ಟಿಷನ್ ಅಂತ ಹೆಸರು. ವೀಣ ಗಡಿಯನ್ನು ಕೊನೆಯ ತನಕ ಎಳೆಯಲಿಲ್ಲ. ಒಂದೊಂದರಲ್ಲೂ ನಲವತ್ತು ಜಿಬಿ ಹಾಗೇ ಬಿಟ್ಟಳು.

"ಇದೇನಮ್ಮ, ಗೋಡೋನಲ್ಲಿ ಒಂದು ಮೂಲೆಗೆ ಬೀಗ ಹಾಕಿದಂಗೆ?"

"ಅದು ಬದ. ಗದ್ದೆ ಅಂದ್ಮೇಕೆ ಸುತ್ತ ಬದ ಬುಡಲ್ವಾ? ಅಲ್ಲಿ ಬೆಳೆ ಬರಲ್ಲ ಅಂತ ಕಡಿದಾಕ್ತೀರಾ?" ಅಂದಳು. "ಎಲ್ಲಾ ನಾಕು ಟಿಬಿನೂ ಒಂದೇ ಅಳತೆ ಇರಲ್ಲ ಕಣಣ್ಣ. ಒಂದು ಕೂದಲೆಳೆ ಜಾಸ್ತಿ, ಒಂದು ಕಮ್ಮಿ. ನಾಳೆ ಒಂದು ಕೆಡ್ತು ಅನ್ನಿ. ನೀವು ತರೋದು ಕೂದಲೆಳೆ ಕಮ್ಮಿ ಇದ್ರೂ ಪೆಟ್ಟಿಗೆ ಅದನ್ನ ಒಳಕ್ಕೆ ಸೇರಿಸ್ಕಳಲ್ಲ. ಬದ ಇದ್ರೆ ಆ ಕಮ್ಮಿ ಅಲ್ಲೇ ಸರಿಯೋಯ್ತದೆ."

ನಾನು ತಲೆಯಾಡಿಸಿದೆ. ಒಪ್ಪಿದ್ದಕ್ಕಲ್ಲ, ಬಸ್ಸಿನ ಹೊತ್ತಾಗಿತ್ತು.

ಮರುವರ್ಷ ಫ್ಲೆಕ್ಸ್ ಯಂತ್ರಕ್ಕೆ ಜಾಗ ಬೇಕಾಯಿತು. ಅಟ್ಟದ ಕ್ಯಾಸೆಟ್ಟುಗಳನ್ನೆಲ್ಲ ಗುಜರಿಯವನಿಗೆ ಹಾಕಿದೆ. ವೀಣಳಿಗೆ ಗೊತ್ತಾದಾಗ ಹಣೆ ಚಚ್ಚಿಕೊಂಡಳು. "ಪೆಟ್ಟಿಗೆ ಅನ್ನೋದು ಒಂದೇ ಮನೆಗೆ ನಾಕು ಕಂಬ ಇದ್ದಂಗೆ. ಒಂದು ಕಂಬ ಮುರಿದ್ರೆ ನಿಲ್ಲದೆ. ಆದ್ರೆ ಮನೆ ಒಂದೇಯ! ಇನ್ನೊಂದು ಮನೆ ಇತ್ತಲ್ಲ, ಅದನ್ನ ಗುಜರಿಗಾಕಿದ್ರಾ?" ನಾನು ನಕ್ಕುಬಿಟ್ಟೆ. ಬೂಷ್ಟು ಹಿಡಿದದ್ದಕ್ಕೂ ಗಿರಾಕಿ ಹುಡುಕಿದ ಹೆಮ್ಮೆಯಲ್ಲಿದ್ದೆ.

ಎರಡು ಸಾವಿರದ ಹತ್ತೊಂಬತ್ತರ ಬೇಸಗೆ. ಮದುವೆಗಳ ಮೇಲೆ ಮದುವೆ. ಹೊಸ ಕ್ಯಾಮೆರಾದ ಚಿತ್ರಗಳಿಗೆ ಹೊಟ್ಟೆ ದೊಡ್ಡದು, ಪೆಟ್ಟಿಗೆ ತುಂಬುತ್ತ ಬಂತು. ಆಗ ನನಗೆ ನೆನಪಾದದ್ದು ಆ ಬದು. ನಾಲ್ಕೂ ಕಡೆ ಸೇರಿದರೆ ಇನ್ನೂ ಮೂರು ಮದುವೆ ಹಿಡಿಸುವಷ್ಟು ಜಾಗ. ಅಂಗಡಿಯವನಿಗೆ ಖಾಲಿ ಜಾಗ ನೋಡುತ್ತ ನಿದ್ದೆ ಬರುವುದಿಲ್ಲ. ಮೆಟ್ಟಿಲ ಕೆಳಗಿನ ಸಂದಿಗೂ ಅಲಮಾರು ಹೊಡೆಸಿದ ವಂಶ ನಮ್ಮದು.

ವೀಣಳಿಗೆ ಹೇಳಿದೆ. "ಹೊಸ ಪೆಟ್ಟಿಗೆ ತಗಳಿ, ಬದ ಮುಟ್ಬೇಡಿ" ಅಂದಳು. ಇನ್ನೊಂದು ಸಲ ಹೇಳಿದೆ. "ನನ್ ಕೈಲಿ ಆಗಲ್ಲ" ಅಂದಳು. ಆಗುವುದಿಲ್ಲ ಅಂದರೆ ಬರುವುದಿಲ್ಲ ಅಂತ ತಿಳಿದೆ. ಮಂಡ್ಯದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಯತೀಶನನ್ನು ಕರೆಸಿದೆ. ನನ್ನ ತಂಗಿಯ ಮಗ, ಮಾವ ಅಂದರೆ ಸಾಕು ಓಡಿ ಬರುತ್ತಾನೆ. ಒಂದು ಮಧ್ಯಾಹ್ನದಲ್ಲಿ ನಾಲ್ಕೂ ಡಿಸ್ಕಿನ ಗಡಿಯನ್ನು ಕೊನೆಗೆ ಎಳೆದು ಕೊಟ್ಟ. ಮೂರು ಮದುವೆ ಹಿಡಿಸಿದವು, ಆಮೇಲಿನವು ಬಿಡಿ ಡಿಸ್ಕುಗಳಿಗೆ ಹೋದವು. ನಾನೇ ಗೆದ್ದೆ ಅಂದುಕೊಂಡೆ.

ವೀಣ ಬಂದು ನೋಡಿದಳು. ಸ್ಪಿರಿಟ್ ಬಾಟಲಿ, ಹತ್ತಿ, ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡಳು. "ಇನ್ಮ್ಯಾಲೆ ಇದು ನಾನು ಕಟ್ಟಿದ್ದಲ್ಲ ಶಿವರಾಮಣ್ಣ" ಅಂತ ಹೇಳಿ ಮೆಟ್ಟಿಲಿಳಿದಳು. ನಾಲ್ಕು ವರ್ಷ ಮತ್ತೆ ಹತ್ತಲಿಲ್ಲ. ಚಿಕ್ಕಬೋರಮ್ಮನೂ ಬರಲಿಲ್ಲ.

ಇಪ್ಪತ್ತಮೂರರ ಆಷಾಢ. ಮದುವೆಗಳಿಲ್ಲದ ತಿಂಗಳು, ಬೀದಿಯಲ್ಲಿ ನೊಣ ಹೊಡೆಯುವ ಕಾಲ. ಒಂದು ಬೆಳಿಗ್ಗೆ ಪೆಟ್ಟಿಗೆ ಕೂಗಲು ಶುರು ಮಾಡಿತು. ಮೂರನೇ ಡಿಸ್ಕಿಗೆ ಕೆಂಪು ದೀಪ. ಹೆದರಲಿಲ್ಲ, ಒಂದು ಸತ್ತರೆ ಮೂರು ಉಳಿದಿವೆಯಲ್ಲ. ಯತೀಶನಿಗೆ ಫೋನು ಮಾಡಿ ಹೊಸದು ತಾ ಅಂದೆ. ಹೊಸದರ ಬೆಲೆ ಕೇಳಿ, ಬೇರೆ ಇಲ್ವೇನೋ ಅಂದೆ. ಯಾವುದೋ ಕಂಪನಿಯ ಯಂತ್ರದಿಂದ ಬಿಚ್ಚಿದ್ದು ಒಂದಿದೆ ಮಾವ, ಅದೂ ನಾಲ್ಕು ಟಿಬಿಯೇ, ಅಗ್ಗ ಅಂದ. ಅದನ್ನೇ ತಾ ಅಂದೆ.

ಪೆಟ್ಟಿಗೆ ಅದನ್ನು ಒಳಗೆ ಸೇರಿಸಲಿಲ್ಲ. ಡಿಸ್ಕು ಚಿಕ್ಕದು ಅಂತ ತೋರಿಸಿತು. ಎಷ್ಟು ಚಿಕ್ಕದು? ಹನ್ನೆರಡು ಎಂಬಿ. ಹಳೆ ಮದುವೆಯಲ್ಲಿ ಅಕ್ಷತೆ ಹಾಕುವ ಇಪ್ಪತ್ತು ಸೆಕೆಂಡಿನಷ್ಟು. ಬದು ಇದ್ದಿದ್ದರೆ ಇಂಥವು ಮೂರು ಸಾವಿರ ಸಲ ಅದರಲ್ಲಿ ಮುಳುಗಿಹೋಗುತ್ತಿದ್ದವು.

ಆಗಲೂ ದೊಡ್ಡ ಡಿಸ್ಕು ತರಿಸಿದ್ದರೆ ಮುಗಿಯುತ್ತಿತ್ತು. ಯತೀಶ ಅಂದ: "ಯಾಕ್ ಮಾವ ದಂಡ? ಉಳಿದ ಮೂರನ್ನೂ ಹನ್ನೆರಡು ಎಂಬಿ ಚಿಕ್ಕದ್ ಮಾಡಿದ್ರೆ ಎಲ್ಲಾ ಸಮ ಆಯ್ತವೆ." ತಕ್ಕಡಿ ಹಿಡಿದವನಿಗೆ ಇದಕ್ಕಿಂತ ಸೊಗಸಾದ ಮಾತು ಇನ್ನೊಂದಿಲ್ಲ. ಮಾಡು ಅಂದೆ. ಮೂರರ ಗಡಿಯನ್ನೂ ಒಳಕ್ಕೆ ಸರಿಸಿ, ಆರಿಸಿ, ಮತ್ತೆ ಹಾಕಿದ.

ಹೊಸ ಡಿಸ್ಕುಗಳು ಕಂಡಿವೆ, ಫಾರ್ಮ್ಯಾಟ್ ಮಾಡಬೇಕೆ ಅಂತ ಪೆಟ್ಟಿಗೆ ಕೇಳಿತು. ಸಾವಿರದ ನಾನೂರಕ್ಕೂ ಹೆಚ್ಚು ಮದುವೆ ಹೊತ್ತ ಪೆಟ್ಟಿಗೆ ತನ್ನೊಳಗೆ ಏನೂ ಇಲ್ಲ ಅನ್ನುತ್ತಿತ್ತು. ಯತೀಶನ ಕೈ ಮೌಸಿನ ಕಡೆ ಹೋಯಿತು.

"ಲೇ, ಕೈ ತೆಗೀಲಾ!" ಅಂತ ಕೂಗಿದೆ. ಆ ಒಂದು ಕೂಗು ಬಿಟ್ಟರೆ ಈ ಇಡೀ ವ್ಯವಹಾರದಲ್ಲಿ ನಾನು ಸರಿಯಾಗಿ ಮಾಡಿದ್ದು ಇನ್ನೇನೂ ಇಲ್ಲ.

ಸುದ್ದಿ ನಿಲ್ಲಲಿಲ್ಲ. ಹಳೆ ಮದುವೆ ಕೇಳಿಕೊಂಡು ಬಂದವರಿಗೆ ಏನಾದರೂ ಹೇಳಬೇಕಿತ್ತು. "ಮದ್ದೂರಿನ ವೀಣ ಕಟ್ಟಿದ ಪೆಟ್ಟಿಗೆ. ಕೈಕೊಡ್ತು" ಅಂದೆ. ಒಬ್ಬರಿಗಲ್ಲ, ಬಂದವರಿಗೆಲ್ಲ ಅಂದೆ. ಬಾಯಿಗೆ ಹಗುರವಾದ ಮಾತು, ಬೀದಿಯಲ್ಲಿ ತಾನೇ ಓಡಿತು. ಅವಳ ಹತ್ತಿರ ಕೆಲಸ ಮಾಡಿಸುತ್ತಿದ್ದ ಎರಡು ಸ್ಟುಡಿಯೊದವರು, ಮಳವಳ್ಳಿಯ ಒಬ್ಬರು, ಮದ್ದೂರಿನ ಒಬ್ಬರು, ಬೇರೆಯವರನ್ನು ಹುಡುಕಿಕೊಂಡರು. ಇಷ್ಟೆಲ್ಲ ಆದ ಮೇಲೆ, ಮಂಡ್ಯದಲ್ಲಿ ಇನ್ನಿಬ್ಬರು ಕಂಪ್ಯೂಟರಿನವರು ನೋಡಿ ಕೈಯೆತ್ತಿದ ಮೇಲೆ, ನಾನು ವೀಣಳಿಗೆ ಫೋನು ಮಾಡಿದೆ.

"ನಾನಮ್ಮ, ಶಿವರಾಮು."

"ಗೊತ್ತಾಯ್ತು. ನನ್ ಪೆಟ್ಟಿಗೆ ಕೈಕೊಡ್ತಂತೆ? ಬಸ್ಸಲ್ಲಿ ಯೋಳಿದ್ರು."

ಅವಳೇ ಮುಂದುವರಿಸಿದಳು. "ಕರೆಂಟು ತೆಗ್ದು ವೈರ್ ಕಿತ್ತಾಕಿ. ಆ ಯತೀಶನ್ನ ಕೂರ್ಸಿ, ಏನೇನ್ ಮಾಡ್ದ ಅಂತ ಒಂದೂ ಬುಡದಂಗೆ ಬರೆಸಿ. ನಾಳಿಕೆ ಬತ್ತೀನಿ. ನಿಮಗೋಸ್ಕರ ಅಲ್ಲ, ತಿಳ್ಕಳಿ."

ಯಾರಿಗೋಸ್ಕರ ಅಂತ ಕೇಳುವ ಅಗತ್ಯವಿರಲಿಲ್ಲ. ಆರುನೂರ ಹನ್ನೊಂದು ಅದರೊಳಗೇ ಇತ್ತು.

ಮೊದಲ ಬಸ್ಸಿಗೆ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಚೀಲ ಮಾತ್ರ ಬದಲಾಗಿ ಗಟ್ಟಿ ರೆಕ್ಸಿನ್ನಿನದು. ಕಾಫಿ ತರಿಸಲೇ ಅಂದೆ.

"ಬೇಡ. ನೀವು ಕಾಫಿ ಕೊಟ್ರೆ ಹಿಂದೆ ಏನೋ ಇರ್ತದೆ."

ಯತೀಶ ಬರೆದ ಹಾಳೆಯನ್ನು ಎರಡು ಸಲ ಓದಿದಳು. "ಹತ್ತೊಂಬತ್ತರಲ್ಲಿ ಗಡಿ ಎಳೆದ್ಯಲ್ಲ, ಎಲ್ಲಿಗ್ ನಿಲ್ಸಿದ್ದೆ? ನಂಬರ್ ಬರ್ಕಂಡಿದ್ದೀಯಾ?"

"ಇಲ್ಲ ಅಕ್ಕ. ಪೂರ್ತಿ ಅಂತ ಒತ್ತಿದೆ."

"ಪೂರ್ತಿ ಅಂದ್ರೆ ಎಷ್ಟ್ಲಾ?"

ವೀಣ ಅವನಿಗೂ ಅರ್ಥವಾಗುವ ಹಾಗೆ, ನನಗೂ ಅರ್ಥವಾಗುವ ಹಾಗೆ ಒಂದೇ ಸಲ ಹೇಳಿದಳು. ಮದುವೆಗಳು ಎಲ್ಲಿಗೂ ಹೋಗಿಲ್ಲ. ಈ ಪೆಟ್ಟಿಗೆ ಪ್ರತಿ ಪಾರ್ಟಿಷನ್ನಿನ ತುತ್ತತುದಿಯಲ್ಲಿ ತನ್ನ ಗುರುತು ಬರೆದುಕೊಂಡಿರುತ್ತದೆ, ಹೊಲದ ಮೂಲೆಗೆ ಸರ್ವೆ ಕಲ್ಲು ನೆಟ್ಟ ಹಾಗೆ. ಎದ್ದ ಕೂಡಲೇ ತುದಿಗೆ ಹೋಗಿ ಕಲ್ಲು ಹುಡುಕುತ್ತದೆ. ಯತೀಶ ಬೇಲಿಯನ್ನು ಹನ್ನೆರಡು ಎಂಬಿ ಒಳಕ್ಕೆ ಸರಿಸಿದ್ದರಿಂದ ಕಲ್ಲು ಬೇಲಿಯಾಚೆ ಉಳಿದಿದೆ. ಕಲ್ಲು ಕಾಣದ್ದಕ್ಕೆ ಇದು ಯಾರದೂ ಅಲ್ಲದ ಬೀಳುಭೂಮಿ ಅಂದುಕೊಂಡಿದೆ. ಬೇಲಿಯನ್ನು ಮೊದಲಿದ್ದ ಜಾಗಕ್ಕೇ ಹಾಕಬೇಕು. ಒಂದೇ ಒಂದು ಅಳತೆ ತಪ್ಪಿದರೂ ಕಲ್ಲು ಸಿಗುವುದಿಲ್ಲ. ತಪ್ಪು ಜಾಗದಲ್ಲಿ ಏನಾದರೂ ಬರೆಯಲು ಬಿಟ್ಟರೆ ಇರುವ ಕಲ್ಲೂ ಹೋಗುತ್ತದೆ.

"ಹಂಗಾದ್ರೆ ಹಾಕೇಬಿಡಮ್ಮ" ಅಂದೆ.

"ಮೂಲದ ಮ್ಯಾಲೆ ನಾನು ಕೈ ಇಡಲ್ಲ. ಆರು ಟಿಬಿದು ನಾಕು ಡಿಸ್ಕ್ ತರ್ಸಿ. ಹೊಸದು. ಬಿಚ್ಚಿದ್ದಲ್ಲ."

ಚೌಕಾಸಿ ಮಾಡಲಿಲ್ಲ. ನನ್ನ ಜೀವಮಾನದಲ್ಲಿ ಹಾಗೆ ತೆತ್ತದ್ದು ಮಗಳ ಹೆರಿಗೆಗೆ, ಮತ್ತೆ ಇದಕ್ಕೆ.

ಮೂರು ಹಳೆಯ ಡಿಸ್ಕನ್ನೂ ಮೊದಲಿಂದ ಕೊನೆಯ ತನಕ, ಖಾಲಿ ಜಾಗವನ್ನೂ ಬಿಡದೆ, ಹೊಸ ಮೂರಕ್ಕೆ ನಕಲು ಮಾಡಲು ಇಟ್ಟಳು. ಇಡೀ ದಿನದ ಕೆಲಸ. ನಾವು ಮೂವರೂ ಆ ಹಿಂದಿನ ಕೋಣೆಯಲ್ಲಿ ಕೂತೆವು. ಹಿಂದೆ ಇದೇ ಕೋಣೆಯಲ್ಲಿ ನಾಲ್ಕು ನಾದಸ್ವರ ಒಟ್ಟಿಗೆ ಕೇಳುತ್ತಿದ್ದದ್ದು ನೆನಪಾಯಿತು. ಈಗ ಫ್ಯಾನಿನ ಸದ್ದು. ವೀಣ ಮದ್ದೂರಿಂದ ತಂದಿದ್ದ ವಡೆಯ ಪೊಟ್ಟಣ ಬಿಚ್ಚಿ, ಯತೀಶನಿಗೆ ಒಂದು ಕೊಟ್ಟಳು. ಆಮೇಲೆ ನನ್ನ ಕಡೆಗೂ ತಳ್ಳಿದಳು.

"ವೀಣ, ನಾನು ಬೀದೀಲಿ ಅಂದಿದ್ದು…"

"ತಿನ್ನಿ ಮೊದ್ಲು, ಆರೋಯ್ತದೆ."

ಮಾರನೆ ದಿನ ನಕಲುಗಳ ಮೇಲೆ ಹುಡುಕಾಟ. ಪರದೆ ತುಂಬ ಅಂಕಿಗಳು. ಯತೀಶ, ಪೂರ್ತಿ ಅಂದರೆ ಹಳೇ ಡಿಸ್ಕಿನ ಕೊನೇ ಅಂಚೇ ಅಕ್ಕ, ಅಲ್ಲಿಗೇ ಹಾಕಿಬಿಡೋಣ ಅಂದ. ವೀಣ ಕೇಳಲಿಲ್ಲ. ಅಂಚಿನಿಂದ ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ನೋಡುತ್ತ ಬಂದಳು, ಏರಿಯ ಮೇಲೆ ಎಲ್ಲಿ ಸೋರುತ್ತಿದೆ ಅಂತ ಬಗ್ಗಿ ನೋಡುವವರ ಹಾಗೆ. ಊಟದ ಹೊತ್ತಿಗೆ ಬೆರಳು ನಿಂತಿತು. ಗುರುತು ಅಲ್ಲಿತ್ತು. ಅದನ್ನು ಹಿಡಿದು ಲೆಕ್ಕ ಹಾಕಿ ನೋಡಿದರೆ, ಯತೀಶ ಪೂರ್ತಿ ಅಂತ ಒತ್ತಿದ್ದರೂ ಪ್ರೋಗ್ರಾಮು ತನ್ನ ಅನುಕೂಲಕ್ಕೆ ಒಂದು ಎಂಬಿ ಮುಂಚೆಯೇ ಗಡಿ ನಿಲ್ಲಿಸಿತ್ತು. ಅಂಚಿಗೇ ಹಾಕಿದ್ದರೆ ಎರಡನೇ ಸಲವೂ ಎಡವುತ್ತಿದ್ದೆವು. ಉಳಿದೆರಡು ಡಿಸ್ಕಿನಲ್ಲೂ ಅದೇ ಜಾಗದಲ್ಲಿ ಗುರುತಿದೆಯೆಂದು ಬೇರೆಬೇರೆಯಾಗಿ ನೋಡಿಕೊಂಡ ಮೇಲೆಯೇ ಗಡಿ ಹಾಕಿದಳು.

ಮೂರನ್ನೂ ಜೋಡಿಸಿ, ಬರೆಯಲು ಬಿಡದೆ ಓದಲು ಮಾತ್ರ ತೆರೆದಳು. ಸಾಲು ಸಾಲಾಗಿ ನಂಬರುಗಳು ಇಳಿದವು. ಒಂದು, ಎರಡು, ಮೂರು. ನಾನು ಸ್ಟೂಲು ಎಳೆದು ಪರದೆಯ ಹತ್ತಿರ ಕೂತೆ.

"ಹೆಸರು ಬಂದ್ರೆ ಬಂತು ಅಂತಲ್ಲ" ಅಂದಳು ವೀಣ. ಎಲ್ಲಕ್ಕಿಂತ ಕೊನೆಯ ಮದುವೆಯನ್ನು ಮೊದಲು ತೆರೆದಳು. ಹತ್ತೊಂಬತ್ತರ ಬೇಸಗೆಯದು, ಡ್ರೋನು, ಹೊಗೆ, ಕಪ್ಪು ಕನ್ನಡಕದ ಮದುಮಗ. ಓಡಿತು. ಆಮೇಲೆ ಐವತ್ತಕ್ಕೆ ಒಂದರಂತೆ ಹಿಂದಕ್ಕೆ ಬಂದಳು. ಏಳುನೂರು ಓಡಿತು. ಆರುನೂರೈವತ್ತು ಓಡಿತು. ಮುಂದಿನದು ಆರುನೂರು.

"ಆರುನೂರ ಹನ್ನೊಂದು ನೋಡಮ್ಮ" ಅಂದೆ.

"ಅದು ಐವತ್ತರ ಲೆಕ್ಕದಲ್ಲಿ ಬರಲ್ಲ" ಅಂತ ಆರುನೂರನ್ನೇ ತೆರೆದಳು. ಹೆದರಿದ್ದಳು. ಆ ಒಂದರಲ್ಲೇ ಕೊರೆ ಬಿದ್ದಿದ್ದರೆ ಅನ್ನುವ ಹೆದರಿಕೆ.

ಒಂದನೇ ನಂಬರಿನ ತನಕ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಳು. ಯತೀಶನಿಗೆ ಕಣ್ಣು ಮಾಡಿದೆ. ಅವನು ಆರುನೂರ ಹನ್ನೊಂದನ್ನು ಹಾಕಿ, ಮುಂದಕ್ಕೆ ಓಡಿಸಿ, ಅಡುಗೆ ಒಲೆಗಳ ಹತ್ತಿರ ನಿಲ್ಲಿಸಿದ. ಸದ್ದು ಜೋರು ಮಾಡಿದೆ.

"ಅಷ್ಟೂ ಒಂದೇ ಸಲ ಉಯ್ಬೇಡ ಕಣಪ್ಪ, ಒಸಿ ಬುಟ್ಕೋ, ಆಮ್ಯಾಕೆ ಬೇಕಾಯ್ತದೆ" ಅಂತ ಹೊನ್ನಯ್ಯ ಅಡುಗೆಯವನಿಗೆ ಹೇಳುತ್ತಿದ್ದ.

ವೀಣ ಬಾಗಿಲಲ್ಲಿ ಒದ್ದೆ ಕೈ ಹಿಡಿದು ನಿಂತಿದ್ದಳು. ನಲವತ್ತು ಸೆಕೆಂಡು ಮುಗಿದು, ಚಿತ್ರ ಊಟದ ಪಂಕ್ತಿಗೆ ಹೋಗಿ, ಪಾಯಸ ಬಡಿಸಿ ಮುಗಿದರೂ ಅಲ್ಲೇ ನಿಂತಿದ್ದಳು.

"ಬಂತಲ್ಲ, ಬುಡಿ" ಅಂದಳು ಕೊನೆಗೆ. "ಅವ್ವನ್ನ ಸುಕ್ರವಾರ ಕರ್ಕಂಡು ಬತ್ತೀನಿ."

ಆಮೇಲಿನದು ನೇರ ಕೆಲಸ. ನಾಲ್ಕನೇ ಡಿಸ್ಕು ಸೇರಿಸಿ ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಿದಳು. ಬದು ಎಷ್ಟು ಬಿಟ್ಟೆ ಅಂತ ಕೇಳಿದ್ದಕ್ಕೆ, ನಿಮಗೆ ಮಾತ್ರ ಯೋಳಲ್ಲ ಅಂದಳು. ಎಲ್ಲದರ ಇನ್ನೊಂದು ನಕಲು ಮದ್ದೂರಿನ ಅವಳ ಮಹಡಿಯಲ್ಲಿದೆ, ನಾನೇ ಇಟ್ಟುಕೋ ಅಂದೆ. ಯತೀಶ ಈಗ ಭಾನುವಾರಗಳಲ್ಲಿ ಅವಳ ಹತ್ತಿರ ಕಲಿಯಲು ಹೋಗುತ್ತಾನೆ. ಮಳವಳ್ಳಿಯ ಸ್ಟುಡಿಯೊದವರು ಅವಳ ಹತ್ತಿರ ವಾಪಸು ಬಂದರು. ಮದ್ದೂರಿನವರು ಇನ್ನೂ ಬಂದಿಲ್ಲ. ಕೆಟ್ಟಿತು ಅಂದಾಗ ಕಿವಿ ಕೊಟ್ಟ ಬೀದಿ, ಸರಿಯಾಯಿತು ಅಂದಾಗ ಯಾಕೆ ಕೆಟ್ಟಿತ್ತು ಅಂತ ಕೇಳಲಿಲ್ಲ. ಕೇಳದ್ದನ್ನು ನಾನಾಗಿ ಹೇಳಲೂ ಇಲ್ಲ. ಹೀಗೇ ಒಂದು ವರ್ಷ ಕಳೆಯಿತು.

ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಪೆಟ್ಟಿಗೆ ಕೆಟ್ಟದ್ದು ವೀಣ ಕಟ್ಟಿದ್ದರಿಂದಲ್ಲ. ಅವಳು ಬೇಡವೆಂದ ಮೇಲೂ ಬದು ಕೀಳಿಸಿದವನು ನಾನು. ಕ್ಯಾಸೆಟ್ಟು ಮಾರಿದವನು, ಬಿಚ್ಚಿದ ಡಿಸ್ಕು ತರಿಸಿದವನು, ಮೂರರ ಗಡಿ ಸರಿಸು ಅಂದವನು ನಾನು. ಸಾವಿರದ ನಾನೂರಕ್ಕೂ ಹೆಚ್ಚು ಮನೆಯವರ ಮದುವೆ ಇವತ್ತಿಗೂ ಓಡುತ್ತಿದ್ದರೆ ಅದು ವೀಣಳಿಂದ. ಅವಳ ಕೂಲಿ ಅವತ್ತೇ ಕೊಟ್ಟಿದ್ದೇನೆ. ಬೀದಿಯಲ್ಲಿ ನಾನು ಕೆಡಿಸಿದ ಅವಳ ಹೆಸರನ್ನು ಮಾತ್ರ ಇನ್ನೂ ಅವಳಿಗೆ ಹಿಂದಿರುಗಿಸಬೇಕಾಗಿದೆ.